ಫಿರಂಗಿ ಇಲ್ಲದೆ ಬಿದ್ದ ಕೋಟೆ

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸಿಸ್ ಮೇರಿಯನ್ ಎಂಬಾತನ ರೈತಾಪಿ ಪಡೆ ಒಂದೂ ಫಿರಂಗಿ ಇಲ್ಲದೆ ಬ್ರಿಟಿಷರ ಕೋಟೆ ಹಿಡಿಯಿತಂತೆ. ಅದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೇಳುತ್ತಿರುವುದು ಫೋರ್ಟ್ ವಾಟ್ಸನ್ ಸಂಗತಿ. ದಕ್ಷಿಣ ಕ್ಯಾರೊಲಿನಾದ ಸ್ಯಾಂಟೀ ನದಿಯ ಬಳಿ, 1781ರ ಏಪ್ರಿಲ್‌ನಲ್ಲಿ ನಡೆದದ್ದು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು ನಾನು. ಈ ಯುದ್ಧದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಿಂದಿನ ವರ್ಷದ ಮೇ 12ರಂದು ಚಾರ್ಲ್ಸ್‌ಟನ್ ಪಟ್ಟಣ ಬ್ರಿಟಿಷರ ಕೈಸೇರಿತ್ತು. ಅಲ್ಲಿದ್ದ ಅಮೆರಿಕನ್ ದಂಡೇ ಶರಣಾಗಿತ್ತು. ಆಗಸ್ಟಿನಲ್ಲಿ ಕ್ಯಾಮ್ಡೆನ್ ಬಳಿ ಇನ್ನೊಂದು ದಂಡು ಚೆಲ್ಲಾಪಿಲ್ಲಿಯಾಯಿತು. ಆಮೇಲೆ ಕೆಲವು ತಿಂಗಳು ಹೋರಾಟವನ್ನು ಜೀವಂತವಾಗಿಟ್ಟವರು ಜೌಗುಕಾಡಿನಲ್ಲಿ ಅಡಗಿದ್ದ ನಾಡಪಡೆಯವರು. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಕುದುರೆ ತಮ್ಮದೇ, ಕೋವಿ ತಮ್ಮದೇ, ಬಿತ್ತನೆ ಬಂದರೆ ಮನೆಗೆ. ಮೇರಿಯನ್ ಇವರ ನಾಯಕ. ಇವನನ್ನು ಹಿಡಿಯಲು ಬೆನ್ನಟ್ಟಿದ ಕುದುರೆ ಪಡೆ ಜೌಗಿನ ಅಂಚಿಗೆ ಬಂದು ಕೈಚೆಲ್ಲಿ ಹಿಂದಿರುಗಿತ್ತು.

ಕೋಟೆಯೆಂದರೆ ಕಲ್ಲಿನದಲ್ಲ. ಮೂಲನಿವಾಸಿಗಳು ಬಹಳ ಹಿಂದೆ ಮಣ್ಣು ಹೊತ್ತು ಹಾಕಿದ್ದ ಸುಮಾರು ಮೂವತ್ತು ಅಡಿಯ ದಿಬ್ಬ. ಅದರ ನೆತ್ತಿಯ ಮೇಲೆ ಮರದ ದಿಮ್ಮಿಗಳ ಬೇಲಿ, ಇಳಿಜಾರಿನಲ್ಲಿ ಚೂಪು ಮಾಡಿ ನೆಟ್ಟ ಗೂಟ. ಒಳಗೆ ಲೆಫ್ಟಿನೆಂಟ್ ಮೆಕೇ ಮತ್ತು ಸುಮಾರು 120 ಜನ. ಸುತ್ತ ಮರ ಕಡಿದು ಬಯಲು ಮಾಡಿದ್ದರಿಂದ ಓಡಿ ಹತ್ತಿರ ಹೋಗುವಂತಿರಲಿಲ್ಲ.

ಏಪ್ರಿಲ್ 15ರಂದು ಮೇರಿಯನ್ನನ ಜನ ಮತ್ತು ಹೆನ್ರಿ ಲೀಯ ಖಾಯಂ ತುಕಡಿ ಕೂಡಿ ಮುತ್ತಿದರು. ಮೊದಲು ನೀರು ಕಡಿದರು. ಕೋಟೆಯವರು ಪಕ್ಕದ ಕೆರೆಯನ್ನೇ ನಂಬಿಕೊಂಡಿದ್ದರು. ಆದರೆ ಮೆಕೇ ಅಂಜದೆ ಒಳಗೇ ಬಾವಿ ತೋಡಿಸಿದ, ನೀರೂ ಸಿಕ್ಕಿತು. ಆಗ ಹೆಜಕಾಯ ಮೇಹಮ್ ಎಂಬ ಮೇಜರ್ ಒಂದು ಉಪಾಯ ಹೇಳಿದ: ಕಾಡಿನಲ್ಲಿ ದಿಮ್ಮಿ ಕಡಿದು, ಕಚ್ಚು ಹಾಕಿ, ರಾತ್ರಿ ತಂದು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಕೋಟೆಗಿಂತ ಎತ್ತರದ ಅಟ್ಟಣೆ ಕಟ್ಟುವುದು. ನಿಮ್ಮ ಕಡೆ ಗದ್ದೆ ಕಾಯಲು ಹಾಕುವ ಮಾಳವನ್ನು ನೆನೆಸಿಕೊಳ್ಳಿ. ಇದು ಅದಕ್ಕಿಂತ ದಪ್ಪ, ಶತ್ರುವಿನ ಕಡೆಗೆ ಮರದ ಗೋಡೆಯ ಮರೆಯುಳ್ಳದ್ದು. ಏಪ್ರಿಲ್ 23ರ ಬೆಳಕು ಹರಿಯುವಾಗ ಗುರಿಕಾರರು ಮೇಲೆ ಕೂತಿದ್ದರು. ಅವರ ಕೈಯಲ್ಲಿದ್ದದ್ದು ನಳಿಗೆಯೊಳಗೆ ಸುರುಳಿ ಗೀರಿದ್ದ ಬೇಟೆಯ ಕೋವಿ. ಸಾಮಾನ್ಯ ಸಿಪಾಯಿಯ ಬಂದೂಕಿಗಿಂತ ಎಷ್ಟೋ ದೂರಕ್ಕೆ ಗುರಿ ತಪ್ಪದು. ಒಳಗಿನವರು ತಲೆ ಎತ್ತುವಂತಿಲ್ಲ. ಅತ್ತ ಕೆಳಗೆ ಕೆಲವರು ಗೂಟ ಕೀಳತೊಡಗಿದರು. ಅದೇ ದಿನ ಮೆಕೇ ಶರಣಾದ.

ನನ್ನ ಮಟ್ಟಿಗೆ ಇಲ್ಲಿ ಗೆದ್ದದ್ದು ಕೊಡಲಿಯ ಪಳಗಿದ ಕೈ. ಮರ ಕಡಿದು ಮನೆ ಕಟ್ಟಿಕೊಂಡು ಬಾಳಿದವರಿಗೆ ಒಂದು ರಾತ್ರಿಯಲ್ಲಿ ಗೋಪುರ ಎಬ್ಬಿಸುವುದು ಹೊಸ ವಿದ್ಯೆಯಾಗಿರಲಿಲ್ಲ.

ಪ್ರಶ್ನೆ: ಬಂದು ಹೊಡೆದು ಓಡುವುದೇ ಗೆರಿಲ್ಲಾ ಪಡೆಯ ಬಲ. ಅವರು ಮುತ್ತಿಗೆಗೆ ಯಾಕೆ ಕೂತರು? ಈ ಅಟ್ಟಣೆ ಎಲ್ಲ ಕಡೆಯೂ ನಡೆಯಿತೇ?
– ಓದುಗರೊಬ್ಬರು, ಹಾಸನ

ಉತ್ತರ: ಚಾರ್ಲ್ಸ್‌ಟನ್ ಬಂದರಿನಿಂದ ಒಳನಾಡಿನ ಕ್ಯಾಮ್ಡೆನ್‌ಗೆ ಹೋಗುವ ಧಾನ್ಯ, ಮದ್ದುಗುಂಡು ಎಲ್ಲವೂ ಈ ಸಣ್ಣ ಕೋಟೆಗಳ ಕಾವಲಿನಲ್ಲೇ ಸಾಗಬೇಕಿತ್ತು. ಸೇನಾಪತಿ ನಥಾನಿಯಲ್ ಗ್ರೀನ್ ತನ್ನ ದಂಡಿನೊಂದಿಗೆ ದೊಡ್ಡ ಸೈನ್ಯವನ್ನು ಎದುರಿಸುತ್ತಿದ್ದರೆ, ನಾಡಪಡೆ ಈ ಸರಪಳಿಯ ಕೊಂಡಿ ಕಳಚುತ್ತಿತ್ತು. ಏಪ್ರಿಲ್ 25ರಂದು ಹಾಬ್‌ಕರ್ಕ್ ದಿಣ್ಣೆಯಲ್ಲಿ ಗ್ರೀನ್ ಸೋತ. ಆದರೂ ಮೇ 10ರಂದು ಕ್ಯಾಮ್ಡೆನ್ ಬಿಟ್ಟು ಹೊರಟದ್ದು ಗೆದ್ದ ಲಾರ್ಡ್ ರಾಡನ್! ಹಿಂದಿನ ದಾರಿಯೇ ಕೈತಪ್ಪುತ್ತಿದ್ದಾಗ ಅವನು ಅಲ್ಲಿ ಕೂತು ಮಾಡುವುದೇನಿತ್ತು?

ಅಟ್ಟಣೆ ಆಗಸ್ಟಾದಲ್ಲಿ ಫಲ ಕೊಟ್ಟಿತು, ನೈಂಟಿ ಸಿಕ್ಸ್ ಎಂಬ ಊರಿನಲ್ಲಿ ಕೊಡಲಿಲ್ಲ. ಅಲ್ಲಿ ಇದ್ದದ್ದು ನಕ್ಷತ್ರದಾಕಾರದ ಮಣ್ಣಿನ ಕೋಟೆ. ಕಾಯುತ್ತಿದ್ದ ಕ್ರೂಗರ್ ಮರಳಿನ ಚೀಲ ಪೇರಿಸಿ ಗೋಡೆ ಎತ್ತರಿಸಿದ, ಬೆಂಕಿಬಾಣಕ್ಕೆ ಸಿಗದಂತೆ ಮನೆಗಳ ಸೂರನ್ನೇ ಕೀಳಿಸಿದ. ಪೋಲೆಂಡಿನ ಎಂಜಿನಿಯರ್ ಕೊಸ್ಯುಷ್ಕೊ ತೋಡಿಸಿದ ಸುರಂಗವೂ ಮುಗಿಯಲಿಲ್ಲ. ಜೂನ್ 18ರ ಲಗ್ಗೆ ಸೋತಿತು, ರಾಡನ್ನನ ನೆರವಿನ ಪಡೆ ಹತ್ತಿರ ಬಂದಿತ್ತು, ಗ್ರೀನ್ ಹಿಂದೆಗೆದ. ಆದರೆ ಜುಲೈನಲ್ಲಿ ಬ್ರಿಟಿಷರೇ ಆ ಕೋಟೆಯನ್ನು ತೊರೆದು ಹೋದರು. ಕ್ರೂಗರ್‌ನ ಸೈನಿಕರೂ ಇಂಗ್ಲೆಂಡಿನವರಲ್ಲ, ದೊರೆಯ ಪಕ್ಷ ಹಿಡಿದ ಅಮೆರಿಕನ್ನರು. ನೆರೆಹೊರೆಯವರೇ ಎದುರುಬದುರು ನಿಂತ ಯುದ್ಧ ಅದು. ಅದರ ಕ್ರೌರ್ಯಕ್ಕೆ ಇದೇ ಮುಖ್ಯ ಕಾರಣ.

ಪ್ರಶ್ನೆ: ಒಬ್ಬ ಹೆಂಗಸು ತನ್ನ ಮನೆಗೇ ಬೆಂಕಿ ಇಡಿಸಿದಳೆಂಬುದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಜ. ಆಕೆ ರೆಬೆಕಾ ಮೊಟ್. ಬ್ರಿಟಿಷರು ಆಕೆಯ ಹೊಸ ಬಂಗಲೆಯನ್ನು ವಶಪಡಿಸಿಕೊಂಡು, ಸುತ್ತ ಕಂದಕ ತೋಡಿ ಫೋರ್ಟ್ ಮೊಟ್ ಎಂದು ಕರೆದಿದ್ದರು. ರಾಡನ್ ಬರುವ ಮೊದಲೇ ಕೋಟೆ ಬೀಳಬೇಕಿತ್ತು, ಉಳಿದ ದಾರಿ ಸುಡುವುದೊಂದೇ. ಲೀ ಸಂಕೋಚದಿಂದ ಕೇಳಿದಾಗ ಆಕೆ ತಡಮಾಡದೆ ಒಪ್ಪಿದಳು. 1781ರ ಮೇ 12ರಂದು ಒಣಗಿದ ಮರದ ಹಲಗೆಯ ಸೂರು ಹೊತ್ತಿತು, ಆರಿಸಲು ಮೇಲೇರಿದವರ ಮೇಲೆ ಫಿರಂಗಿ ಹಾರಿತು, ಕೋಟೆ ಶರಣಾಯಿತು. ಆಮೇಲೆ ಎರಡೂ ಕಡೆಯ ಸಿಪಾಯಿಗಳು ಸೇರಿ ಬೆಂಕಿ ಆರಿಸಿ ಮನೆ ಉಳಿಸಿದರು. ಅಂದು ರೆಬೆಕಾ ಎರಡೂ ಪಕ್ಷದ ಅಧಿಕಾರಿಗಳಿಗೆ ಊಟ ಬಡಿಸಿದಳು. ಬಾಣಗಳನ್ನು ಆಕೆಯೇ ಕೊಟ್ಟಳು, ಅವು ಇಂಡಿಯಾದಿಂದ ತರಿಸಿದ್ದವು ಎಂದು ಲೀ ಬರೆದಿದ್ದಾನೆ. ಮೇರಿಯನ್ನನ ಪಡೆಯವನೊಬ್ಬ ರಾಳ–ಗಂಧಕದ ಉಂಡೆ ಹೊತ್ತಿಸಿ ಎಸೆದ ಎಂಬ ಇನ್ನೊಂದು ಹೇಳಿಕೆಯೂ ಇದೆ.

ಪ್ರಶ್ನೆ: ಸ್ವಾತಂತ್ರ್ಯಕ್ಕೆ ಹೋರಾಡಿದ ಇವರು ಗುಲಾಮರನ್ನು ಬಿಡುಗಡೆ ಮಾಡಿದರೇ?
– ಓದುಗರೊಬ್ಬರು, ಕೋಲಾರ

ಉತ್ತರ: ಇಲ್ಲ. ಮೇರಿಯನ್ ತೋಟದ ಒಡೆಯ, ಗುಲಾಮರನ್ನು ಇಟ್ಟುಕೊಂಡಿದ್ದವನು. ಥಾಮಸ್ ಸಮ್ಟರ್ ಎಂಬ ಇನ್ನೊಬ್ಬ ನಾಯಕ, ದೊರೆಯ ಪಕ್ಷದವರಿಂದ ಕಿತ್ತುಕೊಂಡ ಗುಲಾಮರನ್ನೇ ತನ್ನ ಸೈನಿಕರಿಗೆ ಸಂಬಳವಾಗಿ ಹಂಚುವ ಏರ್ಪಾಡು ಮಾಡಿದ. ಆ ಕಡೆಯವರೂ ಮೇಲಲ್ಲ. ನೈಂಟಿ ಸಿಕ್ಸ್ ಕೋಟೆಯ ನೀರಿನ ದಾರಿ ಮುಚ್ಚಿದಾಗ, ಕತ್ತಲಲ್ಲಿ ಕಾಣಿಸುವುದಿಲ್ಲವೆಂದು ಕಪ್ಪು ಗುಲಾಮರನ್ನು ಬರಿಮೈಯಲ್ಲಿ ಗುಂಡುಗಳ ನಡುವೆ ನೀರು ತರಲು ಅಟ್ಟಿದರು. ಅವರಲ್ಲಿ ಒಬ್ಬರ ಹೆಸರನ್ನೂ ನಾನು ಎಲ್ಲೂ ಓದಿಲ್ಲ. ಈ ಪ್ರಸಂಗವನ್ನು ಎಷ್ಟು ಮೆಚ್ಚಿದರೂ ಇದನ್ನು ಬಿಟ್ಟು ಹೇಳಲು ನನ್ನಿಂದಾಗದು.

ಪ್ರಶ್ನೆ: ಅಲ್ಲಿ ಸೋತ ಕಾರ್ನ್‌ವಾಲಿಸನೇ ಶ್ರೀರಂಗಪಟ್ಟಣಕ್ಕೆ ಬಂದವನೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹೌದು, ಅವನೇ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಅವನ ಸೈನ್ಯ ಶರಣಾಯಿತು; 1791ರ ಮಾರ್ಚಿನಲ್ಲಿ ಅವನು ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣ ಮುತ್ತಿದ. ಇನ್ನೊಬ್ಬನನ್ನೂ ಸೇರಿಸಿಕೊಳ್ಳಿ. ಕ್ಯಾಮ್ಡೆನ್ ಬಿಟ್ಟ ರಾಡನ್ ಮುಂದೆ ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್ ಎನಿಸಿ 1813ರಿಂದ 1823ರವರೆಗೆ ಗವರ್ನರ್ ಜನರಲ್ ಆಗಿದ್ದ. ಅವನ ಕಾಲದಲ್ಲೇ, 1818ರಲ್ಲಿ, ಪೇಶ್ವೆಯ ಬಾದಾಮಿ, ಬೆಳಗಾವಿ ಕೋಟೆಗಳು ಕಂಪನಿಯ ವಶವಾದವು.