‘ಸ್ಕಿಟ್ಸೋಫ್ರೆನಿಕ್ ವೆದರ್’ ಎಂದು ಇಂಗ್ಲಿಷಿನಲ್ಲಿ ಬರೆಯಬಹುದೇ?

ಕಾರವಾರದ ಮಳೆಗಾಲದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೀರಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಜಡಿಮಳೆ. ಇಂಥ ಹವೆಗೆ ‘ಸ್ಕಿಟ್ಸೋಫ್ರೆನಿಕ್’ ಎನ್ನಬಹುದೇ ಎಂದು ಕೇಳಿದ್ದೀರಿ. ಸ್ಕಿಟ್ಸೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಹೆಸರಿನಿಂದ ಬಂದ ಪದ ಇದು. ಭಾಷೆಯ ಲೆಕ್ಕದಲ್ಲಿ ತಪ್ಪಿಲ್ಲ. ಒಂದಕ್ಕೊಂದು ತಾಳೆಯಾಗದ್ದು ಎಂಬ ಅರ್ಥವನ್ನು ಇಂಗ್ಲಿಷ್ ನಿಘಂಟುಗಳೇ ಕೊಡುತ್ತವೆ. ಆದರೂ ಬೇಡ ಎನ್ನುತ್ತೇನೆ.

ಗೊಂದಲವಿರುವುದು ಪದದ ಬೇರಿನಲ್ಲೇ. ಸ್ವಿಸ್ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ 1908ರಲ್ಲಿ ಗ್ರೀಕಿನ ‘ಸೀಳು’, ‘ಮನಸ್ಸು’ ಎಂಬ ಎರಡು ಮಾತು ಕೂಡಿಸಿ ಈ ಹೆಸರು ಕಟ್ಟಿದರು. ಅವರು ಹೇಳಹೊರಟಿದ್ದು ವಿಚಾರ, ಭಾವನೆಗಳನ್ನು ಹೆಣೆದ ಎಳೆ ಬಿಚ್ಚಿಹೋಗುವುದನ್ನು. ಜನ ‘ಒಬ್ಬರೊಳಗೆ ಇಬ್ಬರು’ ಎಂದು ತಿಳಿದರು. ಅದು ಬೇರೆಯೇ ಕಾಯಿಲೆ.

ಶಿರಸಿ ಕಡೆಯ ನಮ್ಮ ನೆಂಟರೊಬ್ಬರಿಗೆ ಸ್ಕಿಟ್ಸೋಫ್ರೇನಿಯಾ ಇತ್ತು. ಅಡಿಕೆ ಸುಲಿಯಲು ಕೂತವರು ಕಾಯಿ ಕೈಯಲ್ಲಿ ಹಿಡಿದಂತೆಯೇ ಸುಮ್ಮನಾಗಿ, ಯಾರೋ ಕರೆದ ಹಾಗೆ ಅಂಗಳದತ್ತ ಕಿವಿಗೊಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. “ನಿಂಗೆ ಕೇಳ್ತಾ ಇಲ್ಯಾ?” ಎಂದು ನನ್ನನ್ನು ಕೇಳುವಾಗ ಅವರ ಮುಖದಲ್ಲಿದ್ದ ಹೆದರಿಕೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರೊಳಗೆ ಇಬ್ಬರಿರಲಿಲ್ಲ, ಇದ್ದವರೊಬ್ಬರೇ, ಹೆದರಿ ಹಣ್ಣಾಗಿದ್ದರು. ಗಳಿಗೆಗೊಮ್ಮೆ ಬದಲಾಗುವ ಮೋಡಕ್ಕೆ ಆ ಪದ ಬಳಸಿದಾಗ ನನಗೆ ನೋವಾಗುತ್ತದೆ. ಇನ್ನೊಂದು ಮಾನಸಿಕ ಕಾಯಿಲೆಯ ಹೆಸರಾದ ‘ಬೈಪೋಲಾರ್’ ಪದಕ್ಕೂ ಇದೇ ಮಾತು.

ಹವೆಗೆ ‘ಫಿಕಲ್’ ಹಾಕಿ, ಅಥವಾ ‘ಚೇಂಜಬಲ್’. ಕನ್ನಡದಲ್ಲಾದರೆ ‘ಗಳಿಗೆಗೊಂದು ಬಣ್ಣ’ ಎಂದರೆ ಸಾಕು. ಅದಕ್ಕಿಂತ, ಕಾಳಿ ಸೇತುವೆಯ ಮೇಲೆ ನಿಂತಾಗ ಸದಾಶಿವಗಡದ ಗುಡ್ಡ ಮಳೆಯಲ್ಲಿ ಮಾಯವಾಗಿ, ಕೊಡೆ ಮಡಚುವಷ್ಟರಲ್ಲಿ ಮತ್ತೆ ಕಾಣುತ್ತದಲ್ಲ, ಅದನ್ನೇ ಬರೆಯಿರಿ.