ಒಂದೂವರೆ ಎಕರೆಯವರ ಹೊಲಕ್ಕೂ ಕೆವಿಕೆಯವರು ಬರುತ್ತಾರಾ?

ಅಕ್ಕಾ, ನಿಮ್ಮ ಪ್ರಶ್ನೆ ನೋಡಿದೆ. ಒಂದೂವರೆ ಎಕರೆ ಖುಷ್ಕಿ, ಪಹಣಿ ಅತ್ತೆಯವರ ಹೆಸರಲ್ಲಿ. ಪಕ್ಕದ ಅರ್ಧ ಎಕರೆ ಗುತ್ತಿಗೆಗೆ ಹಿಡಿದಿದ್ದೀರಿ. ರಾಗಿ ಜೊತೆ ತೊಗರಿ ಹಾಕುತ್ತೀರಿ, ಹೋದ ವರ್ಷ ತೊಗರಿ ಕೈಗೆ ಸಿಗಲೇ ಇಲ್ಲ. "ಕೃಷಿ ವಿಶ್ವವಿದ್ಯಾಲಯದವರು ನಮ್ಮಂಥ ಸಣ್ಣವರ ಹೊಲಕ್ಕೂ ಬರ್ತಾರಾ?" ಅಂತ ಕೇಳಿದ್ದೀರಿ. ಅದರ ಕೆಳಗೇ ಒಬ್ಬರು "ಬರ್ತಾರೆ, ಬ್ಯಾನರ್ ಕಟ್ಟಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ" ಅಂತ ಬರೆದಿದ್ದಾರೆ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಬರುತ್ತಾರೆ ಅಕ್ಕಾ, ಆದರೆ ಕರೆಯದೆ ಬರುವುದು ಕಡಿಮೆ. ಲೆಕ್ಕ ನೋಡಿ. ವಿಶ್ವವಿದ್ಯಾಲಯದವರು ಹಳ್ಳಿಗೆ ಬರುವುದು ಹೆಚ್ಚಾಗಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಕೆವಿಕೆಯ ಮೂಲಕ. ಹೆಚ್ಚಿನ ಜಿಲ್ಲೆಗಳಿಗೆ ಇರುವುದು ಒಂದೇ ಕೆವಿಕೆ, ಕೆಲವು ದೊಡ್ಡ ಜಿಲ್ಲೆಗಳಿಗೆ ಎರಡು. ಒಂದು ಕೆವಿಕೆಗೆ ಮಂಜೂರಾದ ಹುದ್ದೆ 16. ಡ್ರೈವರು, ಕಚೇರಿಯವರು, ಫಾರಂ ನೋಡಿಕೊಳ್ಳುವವರನ್ನೆಲ್ಲ ಕಳೆದರೆ ಉಳಿಯುವುದು ಒಬ್ಬ ಮುಖ್ಯಸ್ಥರು, ಆರು ಜನ ವಿಷಯ ತಜ್ಞರು. ಆ ಆರೂ ಹುದ್ದೆ ಭರ್ತಿ ಆಗಿದ್ದರೆ ಪುಣ್ಯ. ಇನ್ನೊಂದು ಕಡೆ, 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಐದು ಎಕರೆಯ ಒಳಗಿನವು. ಆರು ಜನ ಎಷ್ಟು ಹೊಲ ಸುತ್ತಿಯಾರು? ಹಾಗಾಗಿ ಅವರ ಹತ್ತಿರ ಯಾರ ಫೋನ್ ನಂಬರ್ ಇದೆಯೋ, ಯಾರ ಜಮೀನು ರಸ್ತೆ ಪಕ್ಕ ಇದೆಯೋ, ಹೋದ ಸಲ ಯಾರು ಚೆನ್ನಾಗಿ ಬೆಳೆದು ತೋರಿಸಿದರೋ ಅವರ ಮನೆಗೇ ಮತ್ತೆ ಮತ್ತೆ ಹೋಗುತ್ತಾರೆ. ಅವರಿಗೆ "ಪ್ರಗತಿಪರ ರೈತರು" ಅಂತ ಹೆಸರು. ಇದು ಸರಿ ಅಂತ ನಾನು ಒಪ್ಪುವುದಿಲ್ಲ. ಆದರೆ ಇರುವುದು ಹೀಗೆ. ನಿಮ್ಮ ಹೆಸರು, ನಿಮ್ಮ ಊರು ಅವರ ಡೈರಿಗೆ ಹತ್ತಬೇಕು. ಅಲ್ಲಿವರೆಗಿನ ದಾರಿ ಹೇಳುತ್ತೇನೆ.

ಮೊದಲು ಯಾರ ಹತ್ತಿರ ಏನು ಕೇಳಬೇಕು ಅನ್ನುವುದು. ಅರ್ಧ ಬೇಸರ ಇಲ್ಲೇ ಹುಟ್ಟುತ್ತದೆ. ಹೋಬಳಿಯಲ್ಲಿರುವ ರೈತ ಸಂಪರ್ಕ ಕೇಂದ್ರ ರಾಜ್ಯದ ಕೃಷಿ ಇಲಾಖೆಯದು. ರಿಯಾಯಿತಿ ಬೀಜ, ಟಾರ್ಪಾಲು, ಸ್ಪ್ರಿಂಕ್ಲರ್ ಪೈಪು, ಸಹಾಯಧನದ ಅರ್ಜಿ ಎಲ್ಲ ಅಲ್ಲಿ. ಅದಕ್ಕೆ ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ಪಟ್ಟಿಯಲ್ಲಿ ನೋಂದಣಿ, ಅಂದರೆ ಎಫ್‌ಐಡಿ ನಂಬರ್ ಬೇಕು. ಕೆವಿಕೆ ಬೇರೆ. ಅದಕ್ಕೆ ದುಡ್ಡು ಬರುವುದು ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನಿಂದ. ನಡೆಸುವವರು ಹೆಚ್ಚಾಗಿ ಕೃಷಿ ವಿಶ್ವವಿದ್ಯಾಲಯಗಳು, ಕೆಲವು ಕಡೆ ಸಂಶೋಧನಾ ಸಂಸ್ಥೆ ಅಥವಾ ಸಂಘ ಸಂಸ್ಥೆಗಳು. ತುಮಕೂರಿನ ಹಿರೇಹಳ್ಳಿಯದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಸುತ್ತೂರಿನದು ಮಠದ ಸಂಸ್ಥೆಯದು. ಹೊಸ ತಳಿ, ರೋಗಕ್ಕೆ ಪರಿಹಾರ, ಮಣ್ಣು ಪರೀಕ್ಷೆ, ತರಬೇತಿ, ನಿಮ್ಮ ಹೊಲದಲ್ಲೇ ಮಾಡಿ ತೋರಿಸುವುದು ಇವರ ಕೆಲಸ. ಕೆವಿಕೆಗೆ ಹೋಗಿ "ಸಬ್ಸಿಡಿ ಏನಿದೆ ಸಾರ್" ಅಂತ ಕೇಳಿದರೆ ಬರಿಗೈಲಿ ವಾಪಸ್ ಬರುತ್ತೀರಿ. ಆಮೇಲೆ ಊರಲ್ಲಿ "ಅಲ್ಲೇನೂ ಇಲ್ಲ" ಅಂತ ಸುದ್ದಿ ಆಗುತ್ತದೆ.

ನಿಮ್ಮ ತೊಗರಿ ವಿಷಯಕ್ಕೆ ಬರುತ್ತೇನೆ. "ಕಾಯಿ ಆಗಲಿಲ್ಲ" ಅಂತ ಬರೆದಿದ್ದೀರಿ. ಇಷ್ಟೇ ಹೇಳಿದರೆ ಎಂಥ ವಿಜ್ಞಾನಿಯೂ ಊಹೆ ಮಾಡಬೇಕಾಗುತ್ತದೆ. ಗಿಡ ಹೂವೇ ಬಿಡಲಿಲ್ಲವಾ? ಹೂ ಬಿಟ್ಟು ಉದುರಿತಾ? ಕಾಯಿ ಕಟ್ಟಿದ ಮೇಲೆ ಹುಳು ತಿಂದಿತಾ? ಎಲೆ ಚಿಕ್ಕದಾಗಿ, ತಿಳಿ ಹಸಿರು ಮಚ್ಚೆ ಮಚ್ಚೆಯಾಗಿ, ಗಿಡ ಪೊದೆಯಂತೆ ಬೆಳೆದು ಹೂ ಬಾರದೆ ಹೋದರೆ ಅದು ಗೊಡ್ಡು ರೋಗ ಇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಹರಡುತ್ತದೆ. ರೋಗ ಬಂದ ಗಿಡ ಯಾವ ಔಷಧಿಗೂ ಸರಿ ಹೋಗುವುದಿಲ್ಲ. ಶುರುವಿನಲ್ಲೇ ಕಿತ್ತು ಹಾಕಬೇಕು, ಮುಂದಿನ ಸಲ ರೋಗ ತಡೆಯುವ ತಳಿ ಹಾಕಬೇಕು. ಹೂ ಉದುರುವುದಾದರೆ ತೇವ ಕಡಿಮೆ ಆಗಿರಬಹುದು, ಮೋಡದ ವಾತಾವರಣ ಇರಬಹುದು, ಪೋಷಕಾಂಶದ ಕೊರತೆ ಇರಬಹುದು. ಅದಕ್ಕೇ ಅಂತ ರಾಯಚೂರು ಕೃಷಿ ವಿಶ್ವವಿದ್ಯಾಲಯ "ಪಲ್ಸ್ ಮ್ಯಾಜಿಕ್" ಅನ್ನುವ ಪೋಷಕಾಂಶದ ಪುಡಿ ಮಾಡಿದೆ. ಹೂ ಬಿಡುವಾಗ ಒಮ್ಮೆ, ಕಾಯಿ ಕಟ್ಟುವಾಗ ಇನ್ನೊಮ್ಮೆ ಸಿಂಪಡಿಸುತ್ತಾರೆ. ಕಾಯಿ ಕೊರಕ ಹುಳು ಆದರೆ ಅದರ ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಬೇವು ಇತ್ಯಾದಿ ಬೇರೆಯದೇ ದಾರಿ. ಕಾರಣ ತಿಳಿಯದೆ ಅಂಗಡಿಯವರು ಕೊಟ್ಟ ಬಾಟಲಿ ಹೊಡೆದರೆ ದುಡ್ಡು ಸುಮ್ನೆ ಹೋಗುತ್ತದೆ.

ಆದ್ದರಿಂದ ಈ ಸಲ ಬೆಳೆ ನಿಂತಿರುವಾಗಲೇ ಗಿಡ ಹಿಡಿದುಕೊಂಡು ಹೋಗಿ. ಪೂರ್ತಿ ಒಣಗಿದ ಗಿಡ ಬೇಡ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಅರ್ಧ ಕಾಯಿಲೆ ಬಿದ್ದಿರುವ ಗಿಡವನ್ನು ಬೇರು ಸಮೇತ ಕಿತ್ತು ಹಳೇ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುತ್ತದೆ. ಜೊತೆಗೆ ಅದೇ ಹೊಲದ ಒಂದು ಒಳ್ಳೇ ಗಿಡವೂ ಇರಲಿ. ಬಿತ್ತಿದ ದಿನ, ತಳಿಯ ಹೆಸರು, ಬೀಜ ಎಲ್ಲಿಯದು, ಹಾಕಿದ ಗೊಬ್ಬರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಾಗಿ ಎಷ್ಟು ಸಾಲಿಗೆ ತೊಗರಿ ಎಷ್ಟು ಸಾಲು ಅನ್ನುವುದನ್ನೂ ಹೇಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನುತ್ತದೆ. ಹೋಗುವ ಮುಂಚೆ ಫೋನ್ ಮಾಡಿ, ಸಸ್ಯ ಸಂರಕ್ಷಣೆಯ ತಜ್ಞರು ಅವತ್ತು ಇರುತ್ತಾರಾ ಕೇಳಿ. ಅಷ್ಟು ದೂರ ಬಸ್ಸಲ್ಲಿ ಹೋಗಿ ಅವರು ಬೇರೆ ಹಳ್ಳಿಗೆ ಹೋಗಿದ್ದರೆ ಕೂಲಿ ದಿನವೂ ಹಾಳು, ಗಿಡವೂ ಹಾಳು. ಹೋಗಲು ಆಗಲೇ ಇಲ್ಲ ಅಂದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಗಿಡ ಕಣ್ಣಲ್ಲಿ ನೋಡಿ ಹೇಳುವುದಕ್ಕೂ ಫೋನಿನಲ್ಲಿ ಕೇಳಿ ಹೇಳುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ತೊಗರಿ ಕಟಾವಾದ ಮೇಲೆ, ಗೊಬ್ಬರ ಹಾಕುವ ಮುಂಚೆ, ಮಣ್ಣು ಪರೀಕ್ಷೆ ಮಾಡಿಸಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು ಹೊಲದ ಉದ್ದಗಲಕ್ಕೂ ಓರೆಕೋರೆಯಾಗಿ ಎಂಟು ಹತ್ತು ಕಡೆ ಅರ್ಧ ಅಡಿ ಗುಂಡಿ ತೆಗೆಯಿರಿ. ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಮಣ್ಣು ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ತೆಗೆದು ಹಾಕುತ್ತಾ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಿ. ಯೂರಿಯಾ ಚೀಲದಲ್ಲಿ ತುಂಬಿಕೊಂಡು ಹೋಗುವವರಿದ್ದಾರೆ, ದಯವಿಟ್ಟು ಬೇಡ!

ಈಗ ಮುಖ್ಯ ವಿಷಯ. ಇದನ್ನು ಜಾಸ್ತಿ ಜನ ಕೇಳುವುದೇ ಇಲ್ಲ. ಕೆವಿಕೆಯವರು ಪ್ರತಿ ವರ್ಷ ಕೆಲವು ರೈತರ ಹೊಲದಲ್ಲಿ "ಮುಂಚೂಣಿ ಪ್ರಾತ್ಯಕ್ಷಿಕೆ" ಮಾಡುತ್ತಾರೆ, ಅಂದರೆ ಹೊಸ ತಳಿ, ಹೊಸ ಪದ್ಧತಿಯಲ್ಲಿ ಬೆಳೆದು ತೋರಿಸುವುದು. ಕಚೇರಿಯಲ್ಲಿ ಎಲ್ಲರೂ ಎಫ್‌ಎಲ್‌ಡಿ ಅನ್ನುತ್ತಾರೆ. ಬೇಳೆಕಾಳು, ಎಣ್ಣೆಕಾಳುಗಳಿಗೆ ಒಬ್ಬರಿಗೆ ಸಾಮಾನ್ಯವಾಗಿ ಒಂದು ಎಕರೆ. ಬೀಜ, ಜೈವಿಕ ಗೊಬ್ಬರ, ಬಲೆ ಇಂಥ ಕೆಲವು ಸಾಮಾನು ಅವರು ಕೊಡುತ್ತಾರೆ. ಉಳುಮೆ, ಕೂಲಿ ನಿಮ್ಮದು. ಪಕ್ಕದಲ್ಲೇ ನಿಮ್ಮ ರೂಢಿಯ ಪದ್ಧತಿಯ ಬೆಳೆಯೂ ಇರಬೇಕು, ಹೋಲಿಸಿ ನೋಡಲು. ಬೆಳೆ ಚೆನ್ನಾಗಿ ಬಂದರೆ ಕ್ಷೇತ್ರೋತ್ಸವ ಅಂತ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಾರೆ. ಬ್ಯಾನರ್, ಫೋಟೋ ಎಲ್ಲ ಆವತ್ತಿನದು.

ಒಂದು ಎಕರೆ ಅಂದರೆ ನಿಮ್ಮಂಥವರ ಸ್ವಂತ ಜಮೀನಿನ ಮೂರರಲ್ಲಿ ಎರಡು ಪಾಲು. ಬೆಳೆ ಹೋದರೆ ಏನು ಗತಿ ಅಂತ ಹೆದರಿಕೆ ಸಹಜ. ಅದನ್ನು ಬಾಯಿ ಬಿಟ್ಟು ಹೇಳಿ. ನಾಲ್ಕು ಮನೆಯವರು ಸೇರಿ ತಲಾ ಹತ್ತು ಗುಂಟೆಯಲ್ಲಿ ಮಾಡಿಕೊಳ್ಳುತ್ತೇವೆ ಅಂತ ಕೇಳಿ ನೋಡಿ. ಒಪ್ಪುವವರೂ ಇದ್ದಾರೆ, ನಿಯಮ ತೋರಿಸುವವರೂ ಇದ್ದಾರೆ. ಕೇಳುವ ಕಾಲವೂ ಮುಖ್ಯ. ವರ್ಷದ ಕ್ರಿಯಾ ಯೋಜನೆ ಮುಂಗಾರಿಗೆ ಮುಂಚೆಯೇ ತಯಾರಾಗುತ್ತದೆ. ಬಿತ್ತನೆ ಹೊತ್ತಿಗೆ ಹೋದರೆ "ಪಟ್ಟಿ ಆಗಿಹೋಯ್ತು" ಅನ್ನುತ್ತಾರೆ. ಬೇಸಿಗೆ ಶುರುವಿನಲ್ಲೇ ಹೋಗಿ. ಬಾಯಿ ಮಾತು ಸಾಲದು, ಸ್ತ್ರೀಶಕ್ತಿ ಸಂಘದ ಲೆಟರ್‌ಹೆಡ್ಡಿನಲ್ಲಿ ಹತ್ತು ಜನರ ಸಹಿ ಹಾಕಿಸಿ ಕೊಡಿ. ಪ್ರತಿ ಕೆವಿಕೆಗೂ ವೈಜ್ಞಾನಿಕ ಸಲಹಾ ಸಮಿತಿ ಅಂತ ಇದೆ, ಅದರಲ್ಲಿ ರೈತರೂ ಸದಸ್ಯರು. ನಿಮ್ಮ ತಾಲ್ಲೂಕಿನವರು ಯಾರಿದ್ದಾರೆ ಕೇಳಿ, ಅವರ ಕಿವಿಗೂ ಹಾಕಿ.

ಪಹಣಿ ವಿಷಯ. ತರಬೇತಿಗೆ ಹೋಗಲು, ಗಿಡ ತೋರಿಸಲು, ಸಲಹೆ ಕೇಳಲು ಪಹಣಿ ಬೇಡ. ಹಾಜರಿ ಪುಸ್ತಕದಲ್ಲಿ ಅತ್ತೆಯವರದೋ ಗಂಡನದೋ ಬರೆಸಬೇಡಿ, ನಿಮ್ಮ ಹೆಸರು, ನಿಮ್ಮ ಫೋನ್ ನಂಬರೇ ಬರೆಸಿ. ಮುಂದಿನ ಮೆಸೇಜು, ಹವಾಮಾನದ ಸಲಹೆ ಅದಕ್ಕೇ ಬರುತ್ತದೆ. ಪ್ರಾತ್ಯಕ್ಷಿಕೆ ಮಾತ್ರ ಅತ್ತೆಯವರ ಜಮೀನಿನಲ್ಲಿ ಮಾಡಿಸಿಕೊಳ್ಳಿ. ಗುತ್ತಿಗೆ ಅರ್ಧ ಎಕರೆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಗೇಣಿಗೆ ಕೊಡುವುದನ್ನೇ ನಿಷೇಧಿಸಿದ 1974ರ ಭೂ ಸುಧಾರಣೆ ಬಂದಮೇಲೆ ನಮ್ಮಲ್ಲಿ ಗೇಣಿ ಎಲ್ಲ ಬಾಯಿ ಮಾತಿನದೇ, ಮಾಲೀಕರು ಬರೆದುಕೊಡುವುದಿಲ್ಲ. ಹಾಗಾಗಿ ಅದಕ್ಕೆ ಸಹಾಯಧನ, ವಿಮೆ ಸಿಗುವುದು ಕಷ್ಟ. ಇದು ವಿಶ್ವವಿದ್ಯಾಲಯದವರ ಕೈಲಿರುವ ವಿಷಯ ಅಲ್ಲ.

ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಕೆಲಸ ಮಾಡುವ ಒಬ್ಬರು ಇದೇ ಪ್ರಶ್ನೆಯ ಕೆಳಗೆ "ಜೇನುಕುರುಬರ ಮನೆಗಳಿಗೆ ಇವರಿಂದ ಏನು ಸಿಗುತ್ತೆ" ಅಂತ ಕೇಳಿದ್ದಾರೆ. ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆ ಅಂತ ಪ್ರತ್ಯೇಕ ಹಣ ಇದೆ, ಆ ವರ್ಷ ನಿಮ್ಮ ಕೆವಿಕೆಗೆ ಬಂದಿದೆಯಾ ನೇರವಾಗಿ ಕೇಳಿ. ಅಲ್ಲಿನವರಿಗೆ ಕೇಂದ್ರಕ್ಕೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಅದಕ್ಕೆ "ಹೊರಾವರಣ ತರಬೇತಿ" ಕೇಳಿ, ಅಂದರೆ ಅವರೇ ಹಾಡಿಗೆ ಬಂದು ಮಾಡುವುದು. ಕೂಲಿ ಇಲ್ಲದ ದಿನ, ಹೆಂಗಸರು ಸಿಗುವ ಹೊತ್ತು ನೀವೇ ಹೇಳಿ. ಜಮೀನು ಕಡಿಮೆ ಇರುವ ಮನೆಗೆ ರಾಗಿ ತಳಿಗಿಂತ ಜೇನು ಪೆಟ್ಟಿಗೆ, ಕೈತೋಟ, ಹಿತ್ತಲ ಕೋಳಿ ಬೇಗ ಉಪಯೋಗಕ್ಕೆ ಬರುತ್ತದೆ. ಗಿರಿರಾಜ ಕೋಳಿ ಗೊತ್ತಲ್ವಾ? ಅದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ತಳಿ. ವಿಶ್ವವಿದ್ಯಾಲಯದ ಕೆಲಸ ಜಮೀನಿಲ್ಲದವರ ಮನೆಗೂ ಮುಟ್ಟಿದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಕೊನೆಗೆ, ಫೋಟೋ ಅಂದವರಿಗೆ. ನಿಮ್ಮ ಮಾತು ಸುಳ್ಳಲ್ಲ. ವರದಿಗೆ ಫೋಟೋ ಬೇಕು, ಕೆಲವರಿಗೆ ಅಷ್ಟೇ ಸಾಕು. ಆದರೆ 2018ರಲ್ಲಿ ಮುಸುಕಿನ ಜೋಳಕ್ಕೆ ಹೊಸ ಸೈನಿಕ ಹುಳು ಬಿದ್ದಾಗ, ಅದು ಅಮೆರಿಕ ಖಂಡದಿಂದ ಬಂದ ಹುಳು ಅಂತ ದೇಶದಲ್ಲೇ ಮೊದಲು ಗುರುತಿಸಿದವರಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳಿದ್ದರು. ರೈತರ ಹೊಲಕ್ಕೆ ಹೋಗಿ ನೋಡುವವರು ಇದ್ದಿದ್ದರಿಂದ ಆದ ಕೆಲಸ ಅದು. ನಿಮ್ಮಲ್ಲಿಗೆ ಬಂದವರು ಫೋಟೋ ತೆಗೆದ ಮೇಲೆ ಬಿಡಬೇಡಿ. ಶಿಫಾರಸನ್ನು ಕನ್ನಡದಲ್ಲಿ, ಅಳತೆ ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ, ಕೆಳಗೆ ಅವರ ಹೆಸರು, ತಾರೀಖು ಇರಲಿ. ಮತ್ತೆ ಯಾವಾಗ ಬರುತ್ತೀರಿ ಅಂತಲೂ ಎಲ್ಲರ ಮುಂದೆ ಕೇಳಿ.

ಅಕ್ಕಾ, ತೊಗರಿ ಗಿಡದ ಫೋಟೋ ಇದ್ದರೆ ಇಲ್ಲೇ ಹಾಕಿ. ಎಲೆ ಹತ್ತಿರದಿಂದ ಒಂದು, ಪೂರ್ತಿ ಗಿಡದ್ದು ಒಂದು. ಜಿಲ್ಲೆ ಯಾವುದು ಅಂತಲೂ ಬರೆಯಿರಿ, ಅಲ್ಲಿಗೆ ಯಾವ ಕೆವಿಕೆ ಅಂತ ಹೇಳುತ್ತೇನೆ.