ಕ್ಯಾಂಪಿಂಗ್‌ಗೆ 25 ಜನ, ಒಬ್ಬರಿಗೆ ಕಡಲೆಕಾಯಿ ಅಲರ್ಜಿ, ಇಬ್ಬರು ಜೈನರು, ಒಬ್ಬರಿಗೆ ಗೋಧಿ ಆಗಲ್ಲ. ಅಡುಗೆ ಹೇಗೆ?

ಡಿಸೆಂಬರ್‌ನಲ್ಲಿ ದೇವರಾಯನದುರ್ಗದ ಹತ್ತಿರದ ತೋಟದಲ್ಲಿ ಒಂದು ರಾತ್ರಿ ಟೆಂಟ್ ಹಾಕುತ್ತೀರಿ. ಈ ನಾಲ್ವರಿಗೂ ಬೇರೆ ಬೇರೆ ಅಡುಗೆ ಮಾಡಿಸಬೇಕಾ ಅಂತ ನಿಮ್ಮ ಪ್ರಶ್ನೆ. ಬೇಡ. ಆ ನಾಲ್ವರೂ ತಿನ್ನಬಹುದಾದ ಊಟವನ್ನೇ 25 ಜನಕ್ಕೂ ಮಾಡಿಸಿ. ನಾನು ತುಮಕೂರಿನವಳು, ನಮ್ಮ ಗುಂಪಿನ ಇಂಥ ಕ್ಯಾಂಪ್‌ಗಳಲ್ಲಿ ಊಟದ ಜವಾಬ್ದಾರಿ ನನ್ನದೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತೋಟದಲ್ಲಿ ಇರುವುದು ಎರಡು ಒಲೆ, ಒಂದು ಮೇಜು, ಟಾರ್ಚ್ ಬೆಳಕು. ಪಾತ್ರೆ ಬೇರೆ ಇಟ್ಟರೂ ಸೌಟು ಬೇರೆ ಉಳಿಯುವುದಿಲ್ಲ. ಒಮ್ಮೆ ಬಡಿಸುವ ಹೊತ್ತಿನಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಒಬ್ಬರು ಕಡಲೆಕಾಯಿ ಚಟ್ನಿಯ ಸೌಟನ್ನು ಅನ್ನದ ಬೇಸಿನ್ನಿನ ಅಂಚಿಗೆ ಒರೆಸಿ, ಅದರಲ್ಲೇ ಸಾರು ಕಲಕಿದರು. ಕೆಟ್ಟ ಉದ್ದೇಶ ಏನೂ ಇಲ್ಲ, ಮನೆಯಲ್ಲಿ ಎಲ್ಲರೂ ಮಾಡುವುದೇ ಅದು. ಆದರೆ ಅಲರ್ಜಿ ಇರುವವರಿಗೆ ಆಮೇಲೆ ಆ ಅನ್ನವೂ ಇಲ್ಲ, ಸಾರೂ ಇಲ್ಲ. ಕುದಿಸಿದರೆ ಹುರಿದರೆ ಕಡಲೆಕಾಯಿಯ ಅಲರ್ಜಿ ಗುಣ ಹೋಗುವುದಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡರೂ ಕೈಯಿಂದ ಹೋಗುವುದಿಲ್ಲ, ಸೋಪು ನೀರೇ ಬೇಕು. ಹಾಗಾಗಿ ಕ್ಯಾಂಪಿಗೆ ಕಡಲೆಕಾಯಿಯೇ ಬರಬಾರದು.

ಹೇಳುವುದು ಸುಲಭ, ನಮ್ಮ ಜಿಲ್ಲೆಯಲ್ಲಿ ಪಾಲಿಸುವುದು ಕಷ್ಟ. ಪಾವಗಡ, ಸಿರಾ, ಮಧುಗಿರಿ ಕಡೆಯೆಲ್ಲ ಕಡಲೆಕಾಯಿ ಬೆಳೆಯುವ ನೆಲ. ಇಲ್ಲಿ ಅದಿಲ್ಲದ ತಿಂಡಿ ಹುಡುಕಬೇಕು. ಚಿತ್ರಾನ್ನ, ಪುಳಿಯೋಗರೆ, ಎಣ್ಣೆಗಾಯಿ, ಚಟ್ನಿ ಪುಡಿ, ಮಿಕ್ಸ್ಚರ್ ಇವೆಲ್ಲ ನೆನಪಿಗೆ ಬರುತ್ತವೆ. ನಿಪ್ಪಟ್ಟು ಮಾತ್ರ ಮರೆತುಹೋಗುತ್ತದೆ, ಅದರಲ್ಲೂ ಬೀಜ ಇರುತ್ತದೆ. ಇನ್ನು ಎಣ್ಣೆ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಬೀಜದ ಪ್ರೋಟೀನ್ ಉಳಿದಿರುತ್ತದೆ, ಅಲರ್ಜಿ ಮಾಡುವುದೇ ಆ ಪ್ರೋಟೀನ್. ಸೂರ್ಯಕಾಂತಿ ಎಣ್ಣೆಯ ಸೀಲ್ ಒಡೆಯದ ಪ್ಯಾಕೆಟ್ ನೀವೇ ಒಯ್ಯಿರಿ. ರಾತ್ರಿ ಬೆಂಕಿ ಹಾಕಿದಾಗ ಯಾರಾದರೂ ಹಸಿ ಕಡಲೆಕಾಯಿ ಸುಡಲು ತಂದೇ ತರುತ್ತಾರೆ. ಗ್ರೂಪ್‌ನಲ್ಲಿ ಮೊದಲೇ ಹೇಳಿ, ಬದಲಿಗೆ ಮುಸುಕಿನ ಜೋಳದ ತೆನೆ ತರಿಸಿ. ಗೆಣಸು ಬೇಡ, ಜೈನರು ತಿನ್ನುವುದಿಲ್ಲ.

ಊಟಕ್ಕೆ ನನ್ನ ಸಲಹೆ ಇದು: ರಾಗಿ ಮುದ್ದೆ, ಅನ್ನ, ಸೋರೆಕಾಯಿ ಟೊಮ್ಯಾಟೊ ಹಾಕಿದ ತೊಗರಿಬೇಳೆ ಸಾರು, ಮಜ್ಜಿಗೆ. ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ. ಜೀರಿಗೆ, ಮೆಣಸು, ಕರಿಬೇವು ಜಾಸ್ತಿ ಹಾಕಿದರೆ ಯಾರಿಗೂ ಕೊರತೆ ಅನಿಸುವುದಿಲ್ಲ. ಈರುಳ್ಳಿ ಬೇಕೇ ಬೇಕು ಅನ್ನುವವರಿಗೆ ಹಸಿಯಾಗಿ ಹೆಚ್ಚಿ ಬೇರೆ ತಟ್ಟೆಯಲ್ಲಿಡಿ. ತುಪ್ಪವನ್ನು ಮುದ್ದೆಯ ಮೇಲೆ ಅವರವರೇ ಹಾಕಿಕೊಳ್ಳಲಿ, ಆಗ ಹಾಲು ಆಗದವರು ಬಂದರೂ ತೊಂದರೆಯಿಲ್ಲ. ಚಿಕನ್ ಸುಡುವ ಆಸೆ ಇದ್ದವರು ಆ ಒಲೆ, ಚಾಕು, ತಟ್ಟೆ ಎಲ್ಲವನ್ನೂ ದೂರದಲ್ಲಿ ಬೇರೆ ಇಟ್ಟುಕೊಳ್ಳಲಿ.

ಜೈನರಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ ಇರುತ್ತದೆ. ಗಡ್ಡೆ ಗೆಣಸು ಯಾವುದೂ ಮುಟ್ಟದವರಿದ್ದಾರೆ, ಬದನೆಕಾಯಿಯೂ ಬೇಡ ಅನ್ನುವವರಿದ್ದಾರೆ. ಆ ಇಬ್ಬರನ್ನೇ ಕೇಳಿ. ಸೂರ್ಯ ಮುಳುಗಿದ ಮೇಲೆ ಊಟ ಮಾಡುತ್ತಾರಾ ಅಂತಲೂ ಕೇಳಿ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 6ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಅವರಿಬ್ಬರನ್ನೇ ಮೊದಲು ಕೂರಿಸಿ ಬಡಿಸುವ ಬದಲು ಎಲ್ಲರ ಊಟವನ್ನೂ 5 ಗಂಟೆಗೇ ಇಟ್ಟುಬಿಡಿ. ರಾತ್ರಿ ಹಸಿದವರಿಗೆ ಜೋಳದ ತೆನೆ ಇದ್ದೇ ಇದೆ. ಒಟ್ಟಿಗೆ ಕೂತು ಉಣ್ಣಲು ತಾನೇ ಹೋಗುವುದು? ಒಬ್ಬಳು ಹುಡುಗಿ ಮೂಲೆಯಲ್ಲಿ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗೋಧಿಯ ವಿಷಯದಲ್ಲಿ, ಅವರಿಗೆ ಸೀಲಿಯಾಕ್ ಕಾಯಿಲೆ ಇದೆಯಾ ಕೇಳಿಕೊಳ್ಳಿ. ಇದ್ದರೆ ಚಿಟಿಕೆ ಗೋಧಿ ಹಿಟ್ಟೂ ಅವರ ಕರುಳಿಗೆ ಹಾನಿ. ಅವರಿಗೆ ಆಗದಿರುವುದು ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್. ರಾಗಿಯಲ್ಲಿ ಅದು ಇಲ್ಲ, ಆದರೆ ಮಿಲ್‌ನಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿಯನ್ನೂ ಬೀಸಿದರೆ ಬೆರೆಯುತ್ತದೆ. ರಾಗಿಗೇ ಬೇರೆ ಕಲ್ಲಿರುವ ಮಿಲ್ ನೋಡಿ, ಇಲ್ಲವೇ ಗ್ಲುಟನ್ ಫ್ರೀ ಅಂತ ಬರೆದ ಪ್ಯಾಕೆಟ್ ತನ್ನಿ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ರೆಡಿ ಸಾರಿನ ಪುಡಿಯಲ್ಲೂ ಅದೇ ಇಂಗು. ಒಗ್ಗರಣೆಗೆ ಇಂಗು ಬಿಟ್ಟುಬಿಡಿ. 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಗ್ಲುಟನ್ ಇರುವ ಧಾನ್ಯ, ಕಡಲೆಕಾಯಿ, ಹಾಲು, ಸೋಯಾ ಇದ್ದರೆ ನಮೂದಿಸಬೇಕು. ಅದನ್ನು ಓದಿ. ಕಾಂಡಿಮೆಂಟ್ಸ್‌ನಲ್ಲಿ ತೂಗಿ ಕೊಡುವ ತಿಂಡಿಯಲ್ಲಿ ಏನಿದೆ ಅಂತ ಓದಿ ತಿಳಿಯುವ ಹಾಗಿಲ್ಲ, ಆದ್ದರಿಂದ ಅದು ಬೇಡ.

ಅಡುಗೆಯವರ ಹತ್ತಿರ ಫೋನ್‌ನಲ್ಲಿ ಹೇಳಿ ಸುಮ್ನಾಗಬೇಡಿ. "ಸ್ವಲ್ಪ ಬಿದ್ರೆ ಏನಾಗಲ್ಲ ಬಿಡಮ್ಮ" ಅನ್ನುತ್ತಾರೆ. ಎದುರಿಗೆ ಕೂತು, "ಅಣ್ಣಾ, ಇದು ಇಷ್ಟ ಕಷ್ಟದ ಮಾತಲ್ಲ, ಉಸಿರು ಕಟ್ಟುತ್ತೆ" ಅಂತ ಹೇಳಿ. ಅರ್ಥ ಮಾಡಿಕೊಳ್ಳುತ್ತಾರೆ.

ಅಲರ್ಜಿ ಇರುವ ನಿಮ್ಮ ಗೆಳೆಯರನ್ನು ಹಿಂದೆ ಏನಾಗಿತ್ತು, ಡಾಕ್ಟರ್ ಯಾವ ಔಷಧ ಕೊಟ್ಟಿದ್ದಾರೆ ಅಂತ ಕೇಳಿ. ತುಟಿ, ಗಂಟಲು ಊದಿ, ಉಸಿರಾಟ ಕಷ್ಟವಾದರೆ ಕೆಲಸಕ್ಕೆ ಬರುವುದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಗೆ. ಸೆಟ್ರಿಜಿನ್ ಮಾತ್ರೆ ತುರಿಕೆಗೆ ಸರಿ, ಕಟ್ಟಿದ ಉಸಿರನ್ನು ಅದು ಬಿಡಿಸುವುದಿಲ್ಲ. ಡಾಕ್ಟರ್ ಅಡ್ರಿನಲಿನ್ ಕೊಟ್ಟಿದ್ದರೆ ಅವರ ಜೊತೆ ಇನ್ನೊಬ್ಬರಾದರೂ ಕೊಡುವುದನ್ನು ಆ ಡಾಕ್ಟರಿಂದಲೇ ಕಲಿತಿರಲಿ. ಆ ಹೊತ್ತಿನಲ್ಲಿ ಅವರನ್ನು ಎಬ್ಬಿಸಿ ನಡೆಸಬೇಡಿ. ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಆಗದಿದ್ದರೆ ಮಾತ್ರ ಕೂರಿಸಿ. 108ಕ್ಕೆ ಫೋನ್ ಮಾಡಿ. ಇಂಜೆಕ್ಷನ್ ಆದಮೇಲೆ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಕಳೆದು ಮತ್ತೆ ಶುರುವಾಗಬಹುದು. ತೋಟದಲ್ಲಿ ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಿ. ಒಂದು ಕಾರು ರಸ್ತೆಗೆ ಮುಖ ಮಾಡಿ ನಿಂತಿರಲಿ. ದೇವರಾಯನದುರ್ಗದಲ್ಲಿ ಕೋತಿಗಳ ಕಾಟ ಗೊತ್ತಲ್ವಾ, ಔಷಧದ ಚೀಲವನ್ನು ತಿಂಡಿ ಚೀಲದ ಜೊತೆ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಬೇಡ.

ಬೆಂಗಳೂರಿನ ಕಡೆಯಿಂದ ಬರುವವರು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸೇ ನಿಲ್ಲಿಸುತ್ತಾರೆ. ಇಡ್ಲಿ ಅಕ್ಕಿ ಉದ್ದಿನದು. ಚಟ್ನಿಗೆ ಕಡಲೆಕಾಯಿ ಬೀಜ ಹಾಕಿದ್ದಾರಾ, ಸಾಂಬಾರಿಗೆ ಇಂಗು, ಈರುಳ್ಳಿ ಬಿದ್ದಿದೆಯಾ ಅಂತ ಬಡಿಸುವ ಮೊದಲೇ ಕೇಳಿ.